ಬ್ಲಿಟ್ಜ್ ಸೋಲುಗಳನ್ನು ಗಡಿಯಾರದಿಂದ ಓದುವುದು ಹೇಗೆ?

ಆನ್‌ಲೈನ್ ಬ್ಲಿಟ್ಜ್‌ನಲ್ಲಿ, ಅಂದರೆ ಕೆಲವೇ ನಿಮಿಷಗಳ ಚೆಸ್‌ನಲ್ಲಿ, 2000 ರೇಟಿಂಗ್ ದಾಟಿ, ಆಮೇಲೆ ಅಲ್ಲೇ ಗಿರಕಿ ಹೊಡೆಯುತ್ತಿರುವವರಿಗಾಗಿ ಈ ಬರಹ. ನಾನೂ ಅದೇ ಗುಂಪಿನವನು. ಲಿಚೆಸ್ ಅನ್ನುವ ಚೆಸ್ ಸೈಟ್‌ನಲ್ಲಿ 2100ರ ಆಸುಪಾಸು. ಒಂದು ವಾರ 2150, ಮುಂದಿನ ವಾರ 2060. ಹೀಗೇ ಎರಡು ವರ್ಷ ಕಳೆಯಿತು. ಆಟ ಬರುವುದಿಲ್ಲ ಅಂತಲ್ಲ. ಓಪನಿಂಗ್ ಗೊತ್ತು, ಟ್ಯಾಕ್ಟಿಕ್ಸ್ ಕಣ್ಣಿಗೆ ಬೀಳುತ್ತದೆ, ಕೈ ಚುರುಕು. ಆದರೂ ಮೇಲೆ ಏರುತ್ತಿರಲಿಲ್ಲ.

ಒಂದು ಸಂಜೆ ಅಕ್ಕನ ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಏಳನೇ ಕ್ಲಾಸಿನ ಹುಡುಗ. ನಾಲ್ಕು ಆಟ ನೋಡಿ ಹೇಳಿದ: "ಮಾಮ, ನೀನು ಯೋಚನೆ ಮಾಡಿದಾಗೆಲ್ಲ ಸೋಲ್ತೀಯ."

ನನಗೆ ನಗು ಬಂತು. "ಯೋಚನೆ ಮಾಡದೆ ಚೆಸ್ ಆಡೋಕಾಗುತ್ತೇನೋ?" ಅಂದೆ.

"ಅದಲ್ಲ ಮಾಮ. ಒಂದ್ ಕಡೆ ಸುಮ್ನೆ ನಿಂತುಬಿಡ್ತೀಯ. ಆಮೇಲೆ ಗಡಿಬಿಡಿ ಮಾಡ್ತೀಯ."

ರಾತ್ರಿ ಊಟ ಆದ ಮೇಲೆ ಸೋತ ಆಟಗಳನ್ನು ತೆರೆದು ಪ್ರತಿ ನಡೆಗೆ ಎಷ್ಟು ಸೆಕೆಂಡ್ ಹೋಗಿದೆ ಅಂತ ನೋಡಿದೆ. ಹುಡುಗ ಹೇಳಿದ್ದು ಸರಿ. ಎಂಜಿನ್, ಅಂದರೆ ಆಟ ವಿಶ್ಲೇಷಿಸುವ ಪ್ರೋಗ್ರಾಂ, ಎರಡು ವರ್ಷದಿಂದ ನನ್ನ ತಪ್ಪು ನಡೆಗಳನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತಲೇ ಇತ್ತು. ಆದರೆ ಆ ತಪ್ಪು ಹುಟ್ಟಿದ್ದು ಎಲ್ಲಿ ಅಂತ ಅದು ಹೇಳಿರಲಿಲ್ಲ. ಅದು ಹುಟ್ಟಿದ್ದು ಹದಿನೈದು ನಡೆ ಹಿಂದೆ, ಗಡಿಯಾರದಲ್ಲಿ.

ಆ ರಾತ್ರಿಯಿಂದ ನಾನು ಮಾಡಿಕೊಂಡು ಬಂದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಯಿಗಳ ಹೆಸರಿನ ಬಗ್ಗೆ ಒಂದು ಮಾತು: ಆನೆ, ಒಂಟೆ, ಕುದುರೆ ಅಂತ ನಮ್ಮ ಹೆಸರನ್ನೇ ಬಳಸುತ್ತೇನೆ. ಹಳಬರು ಮಂತ್ರಿ ಅನ್ನುವುದನ್ನು ರಾಣಿ ಅಂತ ಬರೆಯುತ್ತೇನೆ. ಪಾನ್‌ಗೆ ಕಾಲಾಳು, ಸಿಪಾಯಿ, ಸೈನಿಕ ಅಂತ ಊರಿಗೊಂದು ಹೆಸರಿದೆ. ಹಾಗಾಗಿ ಪಾನ್ ಅಂತಲೇ ಇರಲಿ.

ಮೊದಲು ಸೋಲುಗಳನ್ನು ಗುಡ್ಡೆ ಹಾಕಿ

ಇತ್ತೀಚಿನ 50 ಸೋಲುಗಳು ಸಾಕು. ಗೆದ್ದ ಆಟ ಬೇಡ, ಅವು ಹೊಗಳುತ್ತವೆ ಅಷ್ಟೇ. ಲಿಚೆಸ್‌ನ ಆಟಗಳ ಹುಡುಕಾಟದಲ್ಲಿ ಸೋತವರ ಜಾಗಕ್ಕೆ ನಿಮ್ಮ ಹೆಸರು ಹಾಕಿದರೆ ಇವು ಒಟ್ಟಿಗೆ ಸಿಗುತ್ತವೆ.

50 ಆಟಗಳೂ ಒಂದೇ ಟೈಮ್ ಕಂಟ್ರೋಲ್‌ನವು ಆಗಿರಬೇಕು. 3+0 ಮತ್ತು 3+2 ಎರಡನ್ನೂ ಬ್ಲಿಟ್ಜ್ ಅಂತಲೇ ಕರೆಯುತ್ತಾರೆ, ಆದರೆ ಅವು ಬೇರೆ ಬೇರೆ ಆಟಗಳು. ಮೊದಲ ಅಂಕಿ ಒಬ್ಬೊಬ್ಬರಿಗೂ ಸಿಗುವ ನಿಮಿಷ, ಎರಡನೆಯದು ಪ್ರತಿ ನಡೆಗೆ ಸೇರುವ ಸೆಕೆಂಡ್. ಲೆಕ್ಕ ಹಾಕಿ ನೋಡಿ. 60 ನಡೆಯ ಆಟದಲ್ಲಿ 3+0 ಅಂದರೆ 180 ಸೆಕೆಂಡ್, ನಡೆಗೆ 3 ಸೆಕೆಂಡ್. 3+2 ಅಂದರೆ ಅದರ ಮೇಲೆ ಇನ್ನೂ 120 ಸೆಕೆಂಡ್, ನಡೆಗೆ 5. ಆ ಎರಡು ಸೆಕೆಂಡಿನಲ್ಲಿ ಗೆದ್ದ ಎಂಡ್‌ಗೇಮ್ ಗೆಲುವಾಗಿಯೇ ಉಳಿಯುತ್ತದೆ. 3+0ದಲ್ಲಿ ಒಂದು ಆನೆ ಜಾಸ್ತಿ ಇದ್ದರೂ ಸಮಯಕ್ಕೆ ಸೋಲಬಹುದು. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಶಿಪ್ ನಡೆಯುವುದು 3+2ರಲ್ಲಿ. ಕಲಿಯಬೇಕು ಅನ್ನುವವರು ಅದನ್ನೇ ಆಡುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. 3+0 ಚಟ, ಗೊತ್ತಿದ್ದೂ ಆಡುತ್ತೇವೆ.

ರೇಟಿಂಗ್ ಹೋಲಿಸುವುದನ್ನೂ ಬಿಡಿ. ಲಿಚೆಸ್‌ನಲ್ಲಿ ಎಲ್ಲರೂ 1500ರಿಂದ ಶುರು ಮಾಡುತ್ತಾರೆ, ಇನ್ನೊಂದು ಸೈಟ್ ಚೆಸ್ ಡಾಟ್ ಕಾಮ್‌ನ ಲೆಕ್ಕ ಬೇರೆ. ಇಲ್ಲಿನ 2100 ಅಲ್ಲಿನ 2100 ಅಲ್ಲ.

ಎಂಜಿನ್ ತೆರೆಯುವ ಮೊದಲು ಒಂದು ನೋಟ್‌ಬುಕ್

ಪ್ರತಿ ಸೋಲನ್ನೂ ಒಂದು ನಿಮಿಷದಲ್ಲಿ ಓಡಿಸಿ ನೋಡಿ. ಎಂಜಿನ್ ಆಫ್ ಇರಲಿ. ನೋಡಿದ ಮೇಲೆ ಒಂದೇ ಸಾಲು ಬರೆಯಿರಿ: ಯಾಕೆ ಸೋತೆ? ಉತ್ತರ ನಾಲ್ಕೈದು ಪದಕ್ಕಿಂತ ಜಾಸ್ತಿ ಇರಬಾರದು. "ಚೆನ್ನಾಗಿತ್ತು, ಸಮಯ ಮುಗಿಯಿತು." "ಕುದುರೆ ಫೋರ್ಕ್ ಕಾಣಲಿಲ್ಲ" (ಫೋರ್ಕ್ ಅಂದರೆ ಒಂದೇ ಕಾಯಿ ಎರಡನ್ನು ಒಟ್ಟಿಗೆ ಬೆದರಿಸುವುದು). "ಓಪನಿಂಗ್‌ನಲ್ಲೇ ಕೆಟ್ಟೆ." "ಆನೆ ಎಂಡ್‌ಗೇಮ್ ಗೊತ್ತಿಲ್ಲ." "ಕೋಪದಲ್ಲಿ ಆಡಿದೆ." "ಬೆರಳು ಜಾರಿತು."

ಎಂಜಿನ್ ಯಾಕೆ ಬೇಡ ಅಂದರೆ, ಅದು ನಿಮಗೆ ಆ ಹೊತ್ತಿನಲ್ಲಿ ಕಾಣದೇ ಹೋದ ಹತ್ತು ನಡೆ ಆಳದ ಸಂಗತಿ ತೋರಿಸಿ ದಾರಿ ತಪ್ಪಿಸುತ್ತದೆ. ಬ್ಲಿಟ್ಜ್‌ನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ನಿಮಗೆ ಬೇಕಿರುವುದು ಪದೇ ಪದೇ ಆಗುವ ಸಣ್ಣ ಎಡವಟ್ಟು. 50 ಸಾಲು ಬರೆದಾಗ ಅದು ತಾನಾಗಿಯೇ ಎದ್ದು ಕಾಣುತ್ತದೆ. ನನ್ನ ಪಟ್ಟಿಯಲ್ಲಿ ಅರ್ಧಕ್ಕೆ ಹತ್ತಿರ ಸಾಲುಗಳಲ್ಲಿ "ಸಮಯ" ಅನ್ನುವ ಪದ ಇತ್ತು. ಓಪನಿಂಗ್‌ನಿಂದ ಸೋತದ್ದು ಬೆರಳೆಣಿಕೆ. ಆದರೆ ಆ ಎರಡು ವರ್ಷ ನಾನು ಓದಿದ್ದೆಲ್ಲ ಬರೀ ಓಪನಿಂಗ್!

ಈಗ ಗಡಿಯಾರ

ಇದೇ ಮುಖ್ಯ ಹೆಜ್ಜೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎರಡೂ ಸೈಟ್‌ಗಳಲ್ಲಿ ಪ್ರತಿ ನಡೆಗೆ ಎಷ್ಟು ಸಮಯ ಹೋಯಿತು ಅಂತ ದಾಖಲಾಗಿರುತ್ತದೆ. ಲಿಚೆಸ್‌ನ ವಿಶ್ಲೇಷಣೆ ಪುಟದಲ್ಲಿ ನಡೆಗಳ ಸಮಯದ ಗ್ರಾಫ್ ಸಿಗುತ್ತದೆ. ಅಲ್ಲಿ ಎತ್ತರಕ್ಕೆ ನಿಂತ ಕಂಬಗಳನ್ನು ನೋಡಿ. 15 ಸೆಕೆಂಡಿಗಿಂತ ಜಾಸ್ತಿ ಹೋದ ಪ್ರತಿ ನಡೆಯ ಹತ್ತಿರ ನಿಂತು ಕೇಳಿಕೊಳ್ಳಿ: ಇಲ್ಲಿ ನಾನು ಏನನ್ನು ಆರಿಸಲು ಒದ್ದಾಡುತ್ತಿದ್ದೆ?

ನನ್ನ ಒಂದು ಆಟ ಹೇಳುತ್ತೇನೆ. 3+0, ನನ್ನದು ಬಿಳಿ. 14ನೇ ನಡೆ. ಗಡಿಯಾರದಲ್ಲಿ 2 ನಿಮಿಷ 20 ಸೆಕೆಂಡ್. ಎರಡೂ ಕಡೆ ಕ್ಯಾಸಲಿಂಗ್ ಆಗಿದೆ, ಡಿ ಸಾಲು ತೆರೆದಿದೆ. ಡಿ1ಕ್ಕೆ ಒಂದು ಆನೆ ತರಬೇಕು. ಯಾವ ಆನೆ? ಎ1ರಲ್ಲಿರುವುದೋ, ಎಫ್1ರಲ್ಲಿರುವುದೋ? ಇದಕ್ಕೆ 38 ಸೆಕೆಂಡ್ ತಿಂದೆ. ಕೊನೆಗೆ ಎಫ್1ರ ಆನೆ ತಂದೆ. ಆಮೇಲೆ ಎಂಜಿನ್ ಕೇಳಿದರೆ ಎರಡೂ ಹೆಚ್ಚುಕಮ್ಮಿ ಒಂದೇ ಅಂತು. 27ನೇ ನಡೆಗೆ ಬಂದಾಗ ಉಳಿದದ್ದು 22 ಸೆಕೆಂಡ್. ಅಲ್ಲಿ ಎದುರಾಳಿಯ ಕುದುರೆ ಎಫ್3ಕ್ಕೆ ಹಾರಿ ಚೆಕ್ ಕೊಟ್ಟು ರಾಣಿ ಎತ್ತುವ ಬೆದರಿಕೆ ಇತ್ತು. ಐದು ಸೆಕೆಂಡ್ ಕೊಟ್ಟಿದ್ದರೆ ಕಾಣುತ್ತಿತ್ತು. ನಾನು ಕೊಟ್ಟದ್ದು ಒಂದು. ರಾಣಿ ಹೋಯಿತು. ಎಂಜಿನ್ 27ನೇ ನಡೆಗೆ ಎರಡು ಪ್ರಶ್ನೆ ಗುರುತು ಹಾಕಿತು. ನನ್ನ ಪ್ರಕಾರ ಅದನ್ನು 14ನೇ ನಡೆಗೆ ಹಾಕಬೇಕಿತ್ತು.

ನಿಮ್ಮ ಕಂಬಗಳೂ ಹೆಚ್ಚುಕಮ್ಮಿ ಹೀಗೇ ಇರುತ್ತವೆ. ಬಾಯಿಪಾಠದ ಓಪನಿಂಗ್ ಮುಗಿದ ತಕ್ಷಣ ಒಂದು ದೊಡ್ಡ ಕಂಬ. ಆಮೇಲೆ ಎರಡು ಒಳ್ಳೆಯ ನಡೆಗಳ ನಡುವೆ ಜೋಕಾಲಿ ಆಡಿದ ಜಾಗದಲ್ಲಿ ಇನ್ನೊಂದು.

ಇದಕ್ಕೆ ನಾನು ಇಟ್ಟುಕೊಂಡ ನಿಯಮ ಸರಳ. ಎರಡು ನಡೆ ಸರಿ ಅನಿಸಿದರೆ ಮೊದಲು ಹೊಳೆದದ್ದನ್ನು ಆಡಿಬಿಡುವುದು. ಸಮಯವನ್ನು ವಾಪಸ್ ತಗೊಳ್ಳಲು ಆಗದ ನಡೆಗೆ ಮಾತ್ರ ಖರ್ಚು ಮಾಡುವುದು. ರಾಜನ ಮುಂದಿನ ಪಾನ್ ತಳ್ಳುವುದು, ಕಾಯಿ ಬಲಿ ಕೊಡುವುದು, ಕೊನೆಯ ಆನೆಗಳನ್ನು ಅದಲುಬದಲು ಮಾಡಿ ಬರೀ ರಾಜ-ಪಾನ್ ಎಂಡ್‌ಗೇಮ್‌ಗೆ ಇಳಿಯುವುದು. ಇವು ಮೂರಕ್ಕೆ 20 ಸೆಕೆಂಡ್ ಕೊಟ್ಟರೂ ತಪ್ಪಿಲ್ಲ. ಆನೆ ಇಲ್ಲಿಂದ ಅಲ್ಲಿಗೆ ಹೋಗುವುದಕ್ಕೆ ಐದಕ್ಕಿಂತ ಜಾಸ್ತಿ ಬೇಡ. 3+0ದಲ್ಲಿ 20ನೇ ನಡೆಗೆ ಅರ್ಧ ಸಮಯ, ಅಂದರೆ 90 ಸೆಕೆಂಡ್ ಕೈಯಲ್ಲಿರಬೇಕು ಅನ್ನುವುದು ನನ್ನ ಗುರಿ. ದಿನಾ ಮುಟ್ಟುತ್ತೇನೆ ಅಂತಲ್ಲ.

ಎದುರಾಳಿಯ ಗಡಿಯಾರ ಓಡುವಾಗಲೂ ಕೆಲಸವಿದೆ. ಆಗ ಲೆಕ್ಕ ಹಾಕಬೇಡಿ, ಅವರು ಬೇರೆ ನಡೆ ಆಡಿದರೆ ಲೆಕ್ಕ ವ್ಯರ್ಥ. ಬದಲಿಗೆ ಯಾವ ಕಾಯಿ ಮೂಲೆಯಲ್ಲಿ ಸುಮ್ನೆ ಕೂತಿದೆ, ಯಾವುದಕ್ಕೆ ಕಾವಲಿಲ್ಲ ಅಂತ ಕಣ್ಣಾಡಿಸಿ. ಕಾವಲಿಲ್ಲದ ಕಾಯಿಗಳನ್ನು ಎಣಿಸುವ ಅಭ್ಯಾಸ ಒಂದೇ ನನಗೆ ಎಷ್ಟೋ ಫೋರ್ಕ್ ತಪ್ಪಿಸಿದೆ.

ನಿಮ್ಮ ಶೈಲಿಗೆ ಹೆಸರಿಡಿ

ಪಟ್ಟಿ ಮತ್ತು ಗಡಿಯಾರ ಎರಡೂ ಎದುರಿಗಿದ್ದರೆ ನೀವು ಎಂಥ ಆಟಗಾರ ಅಂತ ನಿಮಗೇ ಗೊತ್ತಾಗುತ್ತದೆ. ಕೆಲವರು ದಾಳಿಕೋರರು: ರಾಜನ ಮೇಲೆ ಬೀಳುತ್ತಾರೆ, ದಾಳಿ ತಣ್ಣಗಾದರೆ ಆಟವೂ ತಣ್ಣಗಾಗುತ್ತದೆ. ಕೆಲವರು ಬಲೆ ಹಾಕುವವರು. ಕೆಲವರು ಸಮಯದಲ್ಲಿ ಗೆಲ್ಲುವವರು, ಬೋರ್ಡ್ ಹೇಗಿದ್ದರೂ ಗಡಿಯಾರ ಅವರ ಕಡೆ. ಇನ್ನು ಕೆಲವರು ಅರೆಯುವವರು. ಒಂದು ಪಾನ್ ಸಿಕ್ಕಿದರೆ ಸಾಕು, 70ನೇ ನಡೆವರೆಗೂ ಬಿಡುವುದಿಲ್ಲ.

ಶೈಲಿ ತಪ್ಪಲ್ಲ. ಆದರೆ ನಿಮ್ಮ ಬಲವೇ ನಿಮ್ಮ ತೂತನ್ನು ಮುಚ್ಚಿಟ್ಟಿರುತ್ತದೆ. ಬೇಗ ಆಡುವವನಿಗೆ ಎಂಡ್‌ಗೇಮ್ ಗೊತ್ತಿಲ್ಲ ಅನ್ನುವುದೇ ಗೊತ್ತಾಗುವುದಿಲ್ಲ, ಯಾಕೆಂದರೆ ಎದುರಾಳಿಯ ಸಮಯ ಮೊದಲೇ ಮುಗಿದಿರುತ್ತದೆ. ತನ್ನಷ್ಟೇ ಬೇಗ ಆಡುವವನು ಎದುರಿಗೆ ಬಂದ ದಿನ ಬಣ್ಣ ಬಯಲು. ತ್ರಿಶೂರಿನ ನಿಹಾಲ್ ಸರಿನ್ ಆಡುವುದನ್ನು ನೋಡಿ. 2020 ಮತ್ತು 2021ರಲ್ಲಿ ಜೂನಿಯರ್ ಸ್ಪೀಡ್ ಚೆಸ್ ಗೆದ್ದ ಹುಡುಗ. ಕೈ ಮಿಂಚಿನಂತೆ ಓಡುತ್ತದೆ, ಆದರೆ ನಡೆಗಳು ಸಾದಾ, ಗಟ್ಟಿ. ವಿಶ್ವನಾಥನ್ ಆನಂದ್ ಅವರಿಗೂ ಎಳವೆಯಲ್ಲಿ ಲೈಟ್ನಿಂಗ್ ಕಿಡ್ ಅಂತಲೇ ಹೆಸರು. 2017ರಲ್ಲಿ, 48ನೇ ವಯಸ್ಸಿನಲ್ಲಿ, ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಗೆದ್ದರು. ಆ ವಯಸ್ಸಿನಲ್ಲಿ ಬರೀ ಕೈಯ ವೇಗ ನೆಚ್ಚಿಕೊಂಡು ಅದು ಆಗುವ ಮಾತಲ್ಲ.

ಲಿಚೆಸ್‌ನ ಇನ್‌ಸೈಟ್ಸ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎದುರಾಳಿ ತಪ್ಪಿದಾಗ ನೀವು ಎಷ್ಟು ಸಲ ಹಿಡಿದಿರಿ, ನೀವು ತಪ್ಪಿದಾಗ ಎದುರಾಳಿ ಎಷ್ಟು ಸಲ ಸುಮ್ಮನೆ ಬಿಟ್ಟ ಅನ್ನುವುದನ್ನು ಅದು ಲೆಕ್ಕ ಹಾಕಿ ಕೊಡುತ್ತದೆ. ಎರಡನೆಯದು ಜಾಸ್ತಿ ಇದ್ದರೆ ನಿಮ್ಮ ರೇಟಿಂಗ್‌ನಲ್ಲಿ ಒಂದಷ್ಟು ಪಾಲು ಅದೃಷ್ಟದ್ದು. ನನ್ನದು ಹಾಗೇ ಇತ್ತು, ನೋಡಿ ಸ್ವಲ್ಪ ಬೇಜಾರಾಯಿತು.

ಬಲೆ ಓಪನಿಂಗ್‌ಗಳ ಬಗ್ಗೆ

ಎಂಗ್ಲಂಡ್ ಗ್ಯಾಂಬಿಟ್ ಅಂತ ಒಂದಿದೆ. ಬ್ಲಿಟ್ಜ್ ಆಡುವ ಎಲ್ಲರೂ ಒಂದಲ್ಲ ಒಂದು ಸಲ ಇದಕ್ಕೆ ಬಿದ್ದಿರುತ್ತಾರೆ. ಬಿಳಿ ಡಿ4, ಕಪ್ಪು ಇ5. ಬಿಳಿ ಆ ಪಾನ್ ಹೊಡೆಯುತ್ತದೆ. ಕಪ್ಪು ಕುದುರೆ ಸಿ6, ಬಿಳಿ ಕುದುರೆ ಎಫ್3, ಕಪ್ಪು ರಾಣಿ ಇ7, ಬಿಳಿ ಒಂಟೆ ಎಫ್4. ಕಪ್ಪು ರಾಣಿ ಬಿ4ಕ್ಕೆ ಬಂದು ಚೆಕ್. ಬಿಳಿ ಒಂಟೆ ಡಿ2ಕ್ಕೆ, ಕಪ್ಪು ರಾಣಿ ಬಿ2ರ ಪಾನ್ ಹೊಡೆಯುತ್ತದೆ. ಈಗ ಬಿಳಿಯ ಕೈ ತಾನಾಗಿಯೇ ಒಂಟೆಯನ್ನು ಸಿ3ಕ್ಕೆ ತರುತ್ತದೆ, ರಾಣಿ ಸಿಕ್ಕಿಬಿತ್ತು ಅಂತ. ಕಪ್ಪು ಒಂಟೆ ಬಿ4. ಬಿಳಿ ರಾಣಿ ಡಿ2. ಕಪ್ಪು ಒಂಟೆ ಸಿ3ರಲ್ಲಿ ಹೊಡೆಯುತ್ತದೆ, ಬಿಳಿ ರಾಣಿ ತಿರುಗಿ ಹೊಡೆಯುತ್ತದೆ, ಕಪ್ಪು ರಾಣಿ ಸಿ1ಕ್ಕೆ ಬಂದು ಮೇಟ್. ಎಂಟೇ ನಡೆ.

ಚೆಂದ ಇದೆ, ಅಲ್ವಾ? ಆದರೆ ಆರನೇ ನಡೆಯಲ್ಲಿ ಬಿಳಿ ಒಂಟೆಯ ಬದಲು ಕುದುರೆಯನ್ನು ಸಿ3ಕ್ಕೆ ತಂದರೆ ಕಥೆ ಮುಗಿಯಿತು. ಮುಂದೆ ಆನೆ ಬಿ1ಕ್ಕೆ ಬರುತ್ತದೆ, ಕಪ್ಪು ರಾಣಿ ಎ3ಕ್ಕೆ ಓಡಬೇಕು, ಬಿಳಿಯ ಕಾಯಿಗಳೆಲ್ಲ ಹೊರಗೆ ಬಂದಿರುತ್ತವೆ. ಕೆಳಗಿನ ರೇಟಿಂಗ್‌ನಲ್ಲಿ ಕುದುರೆ ನಡೆ ಗೊತ್ತಿರುವವರು ಕಡಿಮೆ. 2100ರಲ್ಲಿ ಹತ್ತರಲ್ಲಿ ಒಬ್ಬ ಮಾತ್ರ ಬೀಳುತ್ತಾನೆ ಅಂದುಕೊಂಡರೂ ಉಳಿದ ಒಂಬತ್ತು ಆಟ ನೀವು ಸೋತ ಸ್ಥಿತಿಯಿಂದ ಶುರು ಮಾಡಿದ ಹಾಗೆ. ಬಲೆ ಬಿಡಿ ಅಂತ ಹೇಳುತ್ತಿಲ್ಲ. ಬಲೆ ಫಲಿಸದಿದ್ದರೂ ಆಡಬಹುದಾದ ಓಪನಿಂಗ್ ಇಟ್ಟುಕೊಳ್ಳಿ. ಬಿಳಿಗೆ ಒಂದು, ಇ4ಕ್ಕೆ ಒಂದು, ಡಿ4ಕ್ಕೆ ಒಂದು. ಲಂಡನ್, ಕಾರೊ-ಕಾನ್, ಕಿಂಗ್ಸ್ ಇಂಡಿಯನ್ ಏನೇ ಆಗಲಿ, ಆರು ತಿಂಗಳು ಬದಲಿಸಬೇಡಿ. ಓಪನಿಂಗ್ ಮುಗಿದ ಕೂಡಲೇ ನಿಂತಿದ್ದ ಆ ದೊಡ್ಡ ಕಂಬ ಗಿಡ್ಡವಾಗುವುದು ಇದರಿಂದಲೇ.

ಪ್ರಿಮೂವ್

ಪ್ರಿಮೂವ್ ಅಂದರೆ ಎದುರಾಳಿ ಆಡುವ ಮೊದಲೇ ನಮ್ಮ ಮುಂದಿನ ನಡೆಯನ್ನು ಹಾಕಿಟ್ಟಿರುವುದು. ಲಿಚೆಸ್‌ನಲ್ಲಿ ಇದಕ್ಕೆ ಸಮಯವೇ ಹೋಗುವುದಿಲ್ಲ, ಚೆಸ್ ಡಾಟ್ ಕಾಮ್‌ನಲ್ಲಿ 0.1 ಸೆಕೆಂಡ್ ಹೋಗುತ್ತದೆ. ಹಾಗಾಗಿ ಆಸೆ ಜಾಸ್ತಿ. ನನಗೆ ಆದ ಒಂದು ಅವಮಾನ ಹೇಳುತ್ತೇನೆ. ನಾನು ಕಪ್ಪು, ಏನೇ ಬರಲಿ ಜಿ6 ಆಡಿ ಒಂಟೆಯನ್ನು ಜಿ7ಕ್ಕೆ ತರುವವನು. ಎದುರಾಳಿ ಮೊದಲ ನಡೆ ಬಿ3 ಆಡಿದ. ನಾನು ಜಿ6 ಆಡಿ, ಒಂಟೆ ಜಿ7ಕ್ಕೆ ಪ್ರಿಮೂವ್ ಇಟ್ಟು ಟೀ ಲೋಟ ಎತ್ತಿದೆ. ಅವನು ಒಂಟೆ ಬಿ2ಕ್ಕೆ ತಂದ. ನನ್ನ ಒಂಟೆ ಜಿ7ಕ್ಕೆ ಹೋಗಿ ಕೂತಿತು, ಕಾವಲಿಲ್ಲದೆ. ಅವನು ಹೊಡೆದ. ಪಕ್ಕದ ಎಚ್8ರ ಆನೆಗೂ ದಾರಿ ಇಲ್ಲ. ಮೂರೇ ನಡೆಗೆ ಆಟ ಖಲಾಸ್. ನೋಡಿ ಆಡಿದ್ದರೆ ಕುದುರೆ ಎಫ್6 ಸಾಕಿತ್ತು.

ಆಮೇಲಿಂದ ಪ್ರಿಮೂವ್ ಎರಡೇ ಕಡೆ: ಎದುರಾಳಿ ಹೊಡೆದೇ ಹೊಡೆಯುತ್ತಾನೆ ಅನ್ನುವ ಕಡೆ ತಿರುಗಿ ಹೊಡೆಯಲು, ಮತ್ತೆ ಕೊನೆಯ ಹತ್ತು ಸೆಕೆಂಡಿನಲ್ಲಿ ರಾಜನನ್ನು ಓಡಿಸಲು.

ಎಂಡ್‌ಗೇಮ್: ಯೋಚಿಸದೆ ಬರಬೇಕಾದ ನಾಲ್ಕು

5 ಸೆಕೆಂಡ್ ಇರುವಾಗ ಎಂಡ್‌ಗೇಮ್ ಕಲಿಯಲು ಆಗುವುದಿಲ್ಲ. ಕೆಲವು ಸ್ಥಿತಿಗಳು ಮಗ್ಗಿಯ ಹಾಗೆ ಬಾಯಿಗೆ ಬರಬೇಕು.

ಬಿಳಿ ರಾಜ ಇ6, ಪಾನ್ ಇ5, ಕಪ್ಪು ರಾಜ ಇ8. ಯಾರ ಸರದಿಯಾದರೂ ಬಿಳಿಗೆ ಗೆಲುವು. ಇದನ್ನೇ ಒಂದು ಮನೆ ಕೆಳಗೆ ಇಳಿಸಿ: ಬಿಳಿ ರಾಜ ಇ5, ಪಾನ್ ಇ4, ಕಪ್ಪು ರಾಜ ಇ7. ಈಗ ಕಪ್ಪಿನ ಸರದಿ ಇದ್ದರೆ ಬಿಳಿ ಗೆಲ್ಲುತ್ತದೆ, ಬಿಳಿಯ ಸರದಿ ಇದ್ದರೆ ಡ್ರಾ. ಈ ಎರಡು ಚಿತ್ರ ತಲೆಯಲ್ಲಿದ್ದರೆ ಕೊನೆಯ ಆನೆಗಳನ್ನು ಅದಲುಬದಲು ಮಾಡಬೇಕೋ ಬೇಡವೋ ಅಂತ ಒಂದೇ ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ಮೂರನೆಯದು ಫಿಲಿಡೋರ್. ನೀವು ಕಪ್ಪು, ರಾಜ ಇ8, ಆನೆ ಬಿ6. ಬಿಳಿ ರಾಜ ಡಿ5, ಪಾನ್ ಇ5, ಆನೆ ಎ7. ಒಂದು ಪಾನ್ ಕಡಿಮೆ, ಆದರೂ ಡ್ರಾ. ನಿಮ್ಮ ಆನೆ 6ನೇ ಸಾಲನ್ನು ಬಿಡಬಾರದು, ಅಲ್ಲೇ ಎಡಕ್ಕೂ ಬಲಕ್ಕೂ ಓಡಾಡಿಕೊಂಡಿರಬೇಕು. ಬಿಳಿ ಪಾನ್ ಇ6ಕ್ಕೆ ಬಂದ ಕ್ಷಣ ಆನೆಯನ್ನು ಕೆಳಗೆ ಬಿ1ಕ್ಕೆ ಇಳಿಸಿ ಹಿಂದಿನಿಂದ ಚೆಕ್ ಕೊಡಲು ಶುರು ಮಾಡಬೇಕು. ಬಿಳಿ ರಾಜನಿಗೆ ಅಡಗಲು ಜಾಗವೇ ಇರುವುದಿಲ್ಲ. ನಾನು ಒಮ್ಮೆ ಅವಸರಪಟ್ಟು ಪಾನ್ ಬರುವ ಮೊದಲೇ ಕೆಳಗಿಳಿದೆ. ಬಿಳಿ ರಾಜ 6ನೇ ಸಾಲಿಗೆ ಬಂದು ಕೂತ. ಅಲ್ಲೂ ಕಷ್ಟಪಟ್ಟರೆ ಡ್ರಾ ಉಂಟು. 6 ಸೆಕೆಂಡಿನಲ್ಲಿ ಯಾರಿಗೆ ಸಿಗುತ್ತದೆ?

ನಾಲ್ಕನೆಯದು ಲುಸೇನಾ, ಅಂದರೆ ಆನೆಯನ್ನು 4ನೇ ಸಾಲಿಗೆ ತಂದು ಚೆಕ್‌ಗಳಿಗೆ ಅಡ್ಡವಾಗಿ ಸೇತುವೆ ಕಟ್ಟುವುದು. ಲಿಚೆಸ್‌ನ ಅಭ್ಯಾಸ ವಿಭಾಗದಲ್ಲಿ ಲುಸೇನಾ, ಫಿಲಿಡೋರ್ ಎರಡೂ ಇವೆ. ಎಂಜಿನ್ ಎದುರು ಹತ್ತು ಸಲ ಆಡಿ, ಬೇಜಾರಾಗುವವರೆಗೆ.

ಕೊನೆಯ ಕೆಲವು ಸೆಕೆಂಡ್

ಬಹಳ ಜನಕ್ಕೆ ನೆನಪಿಗೆ ಬಾರದ ನಿಯಮ ಒಂದಿದೆ. ನಿಮ್ಮ ಸಮಯ ಮುಗಿದಾಗ ಎದುರಾಳಿಯ ಬಳಿ ಬರೀ ರಾಜ ಉಳಿದಿದ್ದರೆ ಅದು ಸೋಲಲ್ಲ, ಡ್ರಾ. ಹಾಗಾಗಿ 2 ಸೆಕೆಂಡ್ ಉಳಿದಿದ್ದು ಎದುರಾಳಿಗೆ ಒಂದೇ ಪಾನ್ ಇದ್ದರೆ, ಆನೆ ಕೊಟ್ಟಾದರೂ ಆ ಪಾನ್ ಹೊಡೆಯಿರಿ. ಅರ್ಧ ಪಾಯಿಂಟ್ ಕೈಗೆ ಬಂತು. ಗೆಲ್ಲುವ ಆಟ ಡ್ರಾ ಆಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ, ಸೊನ್ನೆಗಿಂತ ವಾಸಿ.

ಕಾಯಿ ಜಾಸ್ತಿ ಇದ್ದಾಗ ಕಾಯಿಗಳನ್ನು ಅದಲುಬದಲು ಮಾಡುತ್ತಾ ಹೋಗಿ, ಪಾನ್‌ಗಳನ್ನಲ್ಲ. ದಾಳಿಕೋರರು ಇಲ್ಲೇ ಕೆಡುವುದು. ಒಂದು ಒಂಟೆ ಜಾಸ್ತಿ ಇದ್ದರೂ ಇನ್ನೊಂದು ಬಲಿ ಕೊಟ್ಟು ಮೇಟ್ ಹುಡುಕುತ್ತಾರೆ.

ವಾರದ ಕ್ರಮ

ದಿನಕ್ಕೆ 8 ಬ್ಲಿಟ್ಜ್ ಸಾಕು. ಪ್ರತಿ ಆಟದ ನಂತರ ಒಂದು ಸಾಲು ನೋಟ್‌ಬುಕ್‌ಗೆ, ಆಮೇಲೆಯೇ ಮುಂದಿನದು. ಸತತ ಎರಡು ಸೋತರೆ ಅವತ್ತಿಗೆ ಮುಗಿಯಿತು. ಇದು ಹೇಳಲು ಸುಲಭ, ರಾತ್ರಿ ಹನ್ನೊಂದಕ್ಕೆ "ಇನ್ನೊಂದೇ ಒಂದು" ಅಂತ ಬೆರಳು ಹೋಗುವಾಗ ಗೊತ್ತಾಗುತ್ತದೆ. ನಾನು ಫೋನನ್ನು ಅಡುಗೆಮನೆಯ ಶೆಲ್ಫಿನ ಮೇಲಿಟ್ಟು ಬರುತ್ತೇನೆ. ಬಸ್ಸಿನಲ್ಲಿ ಆಡುವ ಆಟಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ನೆಟ್‌ವರ್ಕ್ ಹೋದದ್ದಕ್ಕೂ ನಿಮ್ಮ ಆಟಕ್ಕೂ ಸಂಬಂಧವಿಲ್ಲ.

ವಾರಕ್ಕೆ ಎರಡು 15+10 ಆಟ ಆಡಿ. ಬ್ಲಿಟ್ಜ್‌ನಲ್ಲಿ ಥಟ್ಟನೆ ಹೊಳೆಯುವುದೆಲ್ಲ ಯಾವಾಗಲೋ ನಿಧಾನವಾಗಿ ಕಲಿತದ್ದೇ. ಪಜಲ್‌ಗಳಲ್ಲಿ ಗಡಿಯಾರದ ಮೂರು ನಿಮಿಷದ ಸ್ಟಾರ್ಮ್ ಮಜಾ ಕೊಡುತ್ತದೆ, ಆದರೆ ದಾಳಿಕೋರರಿಗೆ ಬೇಕಿರುವುದು ಲಿಚೆಸ್‌ನ ಪಜಲ್ ವಿಷಯಗಳಲ್ಲಿರುವ ರಕ್ಷಣೆಯ ನಡೆಗಳು ಮತ್ತು ಚೆಕ್ ಇಲ್ಲದ, ಹೊಡೆತ ಇಲ್ಲದ ಮೆತ್ತನೆಯ ನಡೆಗಳು. ದಿನಕ್ಕೆ ಐದು, ಗಡಿಯಾರ ಇಲ್ಲದೆ.

ಆರು ವಾರದ ಮೇಲೆ ಮತ್ತೆ 50 ಸೋಲು ಗುಡ್ಡೆ ಹಾಕಿ ಅದೇ ಪಟ್ಟಿ ಮಾಡಿ. ನನ್ನ ಎರಡನೇ ಪಟ್ಟಿಯಲ್ಲಿ "ಸಮಯ" ಎದ್ದು ಕಾಣುವಷ್ಟು ಕಡಿಮೆಯಾಯಿತು. ಆದರೆ "ಒಂದೇ ನಡೆಯ ತಪ್ಪು" ಜಾಸ್ತಿಯಾಯಿತು. ಬೇಗ ಆಡಲು ಹೋಗಿ ಎದುರಾಳಿಯ ನಡೆಯನ್ನೇ ಪೂರ್ತಿ ನೋಡುತ್ತಿಲ್ಲ. ಅಕ್ಕನ ಮಗನಿಗೆ ತೋರಿಸಿದೆ. "ಈಗ ಯೋಚನೆ ಮಾಡದೆ ಸೋಲ್ತಿದೀಯ ಮಾಮ" ಅಂದ. ಸದ್ಯ ಅದರ ಮೇಲೆ ಕೆಲಸ ನಡೆದಿದೆ.